ನಿಲ್ಲು ಎಂದ ಕೈ

ಭಾವನ ಹೆಡ್‌ಫೋನಿಗೆ ಭಾವನ ತಲೆಯದೇ ವಾಸನೆ. ಎಣ್ಣೆ, ಬೆವರು, ವರ್ಷಗಟ್ಟಲೆ ಕಿವಿಯ ಕಾವಿಗೆ ಬೆಂದ ಸ್ಪಂಜು. ಅದರ ಕರೀ ತೊಗಲು ಗಾಯದ ಹಕ್ಕಳೆಯ ಹಾಗೆ ಎದ್ದು, ಹಾಕಿಕೊಂಡವರ ಕೆನ್ನೆಗೆ, ಕುತ್ತಿಗೆಗೆ ಅಂಟಿಕೊಳ್ಳುತ್ತಿತ್ತು. ಅಕ್ಕನ ಮನೆಯಲ್ಲಿ ತಂಗಿದ್ದ ಅವನು ಪ್ರತಿಸಲವೂ ಅಂಗಿಯ ತುದಿಯಿಂದ ಅದನ್ನು ಒರೆಸಿ, ಒರೆಸಿದ ತುದಿಯನ್ನು ನೋಡಿ ಹೇಸಿ, ಆಮೇಲೆ ಹಾಕಿಕೊಳ್ಳುತ್ತಿದ್ದ. ಬಾಯಿಯ ಮುಂದೆ ಕೊಕ್ಕೆಯಂತೆ ಬಾಗಿದ ಮೈಕಿನಲ್ಲಿ ಭಾವ ಉಂಡದ್ದು, ತೇಗಿದ್ದು, ಆಫೀಸಿನವರ ಜೊತೆ ಹಲ್ಲು ಗಿಂಜಿ ಮಾತಾಡಿದ್ದು ಎಲ್ಲ ಹುದುಗಿ ಕೂತಿದ್ದವು. ಅದರೊಳಕ್ಕೆ ಅವನು "ಟವರ್, ಟ್ರ್ಯಾಕ್ಟರ್ ಟೂ" ಎಂದು ಶುರುಮಾಡಬೇಕು. ಮಾಡಿದ. ಹೇಳಿ ಮುಗಿಸಿದ ಮೇಲೆ ರೇಡಿಯೋ ಮಾತು ಕಲಿಸುವ ಆ್ಯಪು ಅವನ ಧ್ವನಿಯನ್ನು ಅವನಿಗೇ ವಾಪಸು ಕೇಳಿಸಿತು. ಅವನಿಗೆ ಎಲ್ಲಕ್ಕಿಂತ ಅಸಹ್ಯ ಅದು. ಟ್ರ್ಯಾಕ್ಟರಿನ ಮೇಲೆ ಕೂತು ಇಂಜಿನ್ನಿನ ಸದ್ದಿನೊಳಗೆ ಇಡೀ ಲೋಕಕ್ಕೆ ಬೈಯುವಾಗ ತನ್ನದು ಗಂಡು ಗಂಟಲು ಎಂದು ನಂಬಿಕೊಂಡಿದ್ದವನಿಗೆ, ಈ ಕಿವಿಯೊಳಗೆ ಕೇಳುತ್ತಿದ್ದದ್ದು ಯಾರದೋ ಮನೆಯ ಹಿಂಬಾಗಿಲಲ್ಲಿ ಚಪ್ಪಲಿ ಬಿಟ್ಟು ನಿಂತವನ ಧ್ವನಿ. ಎಂಜಲಿನ ಸಣ್ಣ ಚಪ್ಪರಿಕೆ ಸಮೇತ. ಆ ವಾಕ್ಯದಲ್ಲಿ 'ದಯವಿಟ್ಟು' ಎಂಬ ಪದ ಎಲ್ಲೂ ಇರಲಿಲ್ಲ. ಇಡೀ ವಾಕ್ಯವೇ ದಯವಿಟ್ಟು ಎನ್ನುತ್ತಿತ್ತು.

ಪರದೆಯ ಮೇಲೆ ಹಸಿರು ಅಕ್ಷರ ಮೂಡಿತು. ತೊಂಬತ್ತಮೂರು. ಬಹಳ ಚೆನ್ನಾಗಿದೆ.

ನಾಳೆ ಬೆಳಿಗ್ಗೆ ಹತ್ತಕ್ಕೆ ಪರೀಕ್ಷೆ. ವಿಮಾನ ಹಾರಿಸುವುದನ್ನು ಕಲಿಸುವ ಮೈದಾನದಲ್ಲಿ ಹುಲ್ಲು ಕೊಯ್ಯುವ ಟ್ರ್ಯಾಕ್ಟರ್ ಅವನದು. ಹುಲ್ಲು ಮೊಳದುದ್ದ ಬೆಳೆದರೆ ಇಲಿ ಬರುತ್ತದೆ, ಇಲಿಯ ಹಿಂದೆ ಹದ್ದು ಬರುತ್ತದೆ, ಹದ್ದು ನೇರ ಹೋಗಿ ವಿಮಾನದ ಮೂತಿಗೆ ಬಡಿಯುತ್ತದೆ. ಆದ್ದರಿಂದ ರನ್‌ವೇಯ ಎರಡೂ ಮಗ್ಗುಲಿಗೆ ವರ್ಷವಿಡೀ ಕೊಯ್ಯುತ್ತಲೇ ಇರಬೇಕು. ಸಂಜೆ ಯಂತ್ರದ ತಟ್ಟೆ ಎತ್ತಿದರೆ ಅಲಗಿಗೆ ಮೆತ್ತಿಕೊಂಡ ಹಸಿರು ಮುದ್ದೆ. ಅದರಲ್ಲಿ ಕಪ್ಪೆಯ ಕಾಲು, ಹಕ್ಕಿಮೊಟ್ಟೆಯ ಚಿಪ್ಪು, ಒಮ್ಮೊಮ್ಮೆ ಹಾವಿನ ಒಂದು ಗೇಣು. ಅದನ್ನು ಕೆರೆದು ತೆಗೆದ ಕೈಯನ್ನು ಎಷ್ಟು ತೊಳೆದರೂ ತುತ್ತು ಬಾಯಿಯ ಹತ್ತಿರ ಬಂದಾಗ ಹಸಿ ನಾತ. ಇಷ್ಟು ವರ್ಷ ಅವನು ಬಾಯಿ ಬಿಡುವ ಅಗತ್ಯವಿರಲಿಲ್ಲ. ಮುಂದೆ ಒಂದು ಜೀಪು ಹೋಗುತ್ತಿತ್ತು, ಜೀಪಿನಲ್ಲಿದ್ದವರು ವಿಮಾನಗಳಿಗೆ ದಾರಿ ಹೇಳುವ ಟವರಿನ ಜೊತೆ ಮಾತಾಡುತ್ತಿದ್ದರು, ಕೈ ತೋರಿಸುತ್ತಿದ್ದರು, ಇವನು ಹಿಂದೆ ಹೋಗುತ್ತಿದ್ದ. ಈಗ ಜೀಪೂ ಇಲ್ಲ, ಜೀಪಿನವರೂ ಇಲ್ಲ. ರನ್‌ವೇ ಅಂಚಿನ ಹಳದಿ ಗೆರೆ ದಾಟುವ ಪ್ರತಿಯೊಬ್ಬ ಡ್ರೈವರೂ ರೇಡಿಯೋದಲ್ಲಿ ತಾನೇ ಕೇಳಬೇಕು, ಟವರ್ ಹೇಳಿದ್ದನ್ನು ಅಕ್ಷರ ಬಿಡದೆ ತಾನೇ ಮರಳಿ ಹೇಳಬೇಕು ಎಂದು ಹೊಸ ಕಾನೂನು. ಪರೀಕ್ಷೆಗೆ ಮೊದಲು ಈ ಆ್ಯಪಿನಲ್ಲಿ ಎಂಬತ್ತರ ಮೇಲೆ ಬಂದ ಹಾಳೆಯನ್ನು ಪ್ರಿಂಟು ತೆಗೆದು ಲಗತ್ತಿಸಬೇಕು. ನಪಾಸಾದವರು ಕಕ್ಕಸು ತೊಳೆಯುವ ಗುಂಪಿಗೆ. ಕಾನೂನು ಯಾಕೆ ಬಂತು ಎಂದು ಅವನನ್ನು ಯಾರೂ ಕೇಳಿರಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ, ಎಲ್ಲರಿಗೂ ಗೊತ್ತಿತ್ತು, ಅಂದರೆ ಎಲ್ಲರಿಗೂ ಅವನು ಹೇಳಿದ್ದು ಗೊತ್ತಿತ್ತು.

ಆ್ಯಪು ಫೋನಿಗೆ ಮಾತ್ರ ಇದ್ದದ್ದು. ಅವನ ಫೋನಿನ ಮೈಕು ಡೀಸೆಲ್ ಕುಡಿದು ಸತ್ತು ಆರು ತಿಂಗಳಾಗಿತ್ತು. ಮನೆಗಳ ನಕ್ಷೆ ಬರೆಯುವ ಭಾವ, ಬರೆದೂ ಬರೆದೂ ತನ್ನದೇ ಒಂದು ಗೋಡೆ ಕಟ್ಟಲಾಗದ ಭಾವ, ತನ್ನ ಕಂಪ್ಯೂಟರಿಗೆ ಅದೇನೋ ಹಾಕಿಕೊಟ್ಟಿದ್ದ. ಕಂಪ್ಯೂಟರಿನ ಒಳಗೆ ಒಂದು ಸುಳ್ಳು ಫೋನು. ಅಷ್ಟಗಲದ ಪರದೆಯ ನಡುವೆ ಸಣಕಲಾಗಿ ನಿಂತ ಫೋನಿನ ಚಿತ್ರ, ಎಡಬಲಕ್ಕೆ ಕತ್ತಲೆ. ತಾನು ಫೋನಿನಲ್ಲೇ ಇದ್ದೇನೆ ಎಂದು ಆ್ಯಪು ಪೂರ್ತಿ ನಂಬಿತ್ತು. ಸಾಧನವನ್ನು ಬಾಯಿಯ ಹತ್ತಿರ ಹಿಡಿಯಿರಿ ಎಂದು ಅದು ಹೇಳಿದಾಗಲೆಲ್ಲ ಆ ದಡ್ಡ ಮಾನಿಟರನ್ನು ತಬ್ಬಿಕೊಂಡು ಮುದ್ದಿಸಬೇಕೇನೋ ಎಂದು ಅವನಿಗೆ ಸಿಟ್ಟು ಬರುತ್ತಿತ್ತು. ಇನ್ನೊಂದು ಊನವಿತ್ತು. ನಿಜವಾದ ರೇಡಿಯೋದಲ್ಲಿ ಗುಂಡಿ ಒತ್ತಿ ಹಿಡಿದಿರುವಷ್ಟು ಹೊತ್ತು ಮಾತು ಹೋಗುತ್ತದೆ, ಬಿಟ್ಟರೆ ನಿಲ್ಲುತ್ತದೆ. ಈ ಸುಳ್ಳು ಫೋನಿನಲ್ಲಿ ಹಾಗಲ್ಲ. ಮೌಸಿನಿಂದ ಒಂದು ಸಲ ಕುಟ್ಟಿದರೆ ಮೈಕು ತೆರೆದುಕೊಳ್ಳುತ್ತದೆ, ಇನ್ನೊಂದು ಸಲ ಕುಟ್ಟುವತನಕ ಮುಚ್ಚಿಕೊಳ್ಳುವುದಿಲ್ಲ. ಮೂಲೆಯಲ್ಲಿ ಕೆಂಪು ಚುಕ್ಕೆ ಉರಿಯುತ್ತಲೇ ಇರುತ್ತದೆ. ಅದು ಹಾಗೇ, ಅಡ್ಜಸ್ಟ್ ಮಾಡ್ಕೋ ಎಂದು ಭಾವ ಹೇಳಿದ್ದ. ಅಡ್ಜಸ್ಟ್ ಮಾಡಿಕೊಳ್ಳುವುದು ಭಾವನ ಕುಲಕಸುಬು.

ಅವನ ಬೆನ್ನ ಹಿಂದೆ ದಿವಾನದ ಮೇಲೆ ಅಕ್ಕನ ಅತ್ತೆ ಕೂತು ಬಟಾಣಿ ಸುಲಿಯುತ್ತಿದ್ದರು. ರಾತ್ರಿ ಅದೇ ದಿವಾನದ ಮೇಲೆ ಅವನು ಮಲಗುವುದು. ಹದಿನೈದು ದಿನದಿಂದ ಅವರಿಗೆ ಇದೇ ಮಜ. "ಏನಪ್ಪಾ ಟವರ್ರೂ, ಇವತ್ತಾದ್ರೂ ಇಳೀತಾ ನಿನ್ನ ವಿಮಾನ? ಎರಡು ವಾರದಿಂದ ತಲೆ ಮೇಲೇ ಸುತ್ತುತಾ ಇದೆ, ಡೀಸೆಲ್ ಎಲ್ಲಿಂದ ಬರ್ಬೇಕು ಅದಕ್ಕೆ?" ಅವನು ಹೂಂ ಎಂದ. ಆ್ಯಪು ಅದನ್ನೂ ಕೇಳಿಸಿಕೊಂಡು ಕೆಂಪು ಅಕ್ಷರ ತೋರಿಸಿತು. ಹೂಂ ಎಂಬುದು ರೇಡಿಯೋದಲ್ಲಿ ಇಲ್ಲ. ಸರಿ ಇಲ್ಲ, ಆಯ್ತು ಇಲ್ಲ. ಕೇಳಿಸಿಕೊಂಡದ್ದನ್ನೇ ಮರಳಿ ಹೇಳಬೇಕು, ಕೊನೆಗೆ ನಿನ್ನ ಹೆಸರಿಡಬೇಕು, ಆಗಷ್ಟೇ ನೀನು ಕೇಳಿಸಿಕೊಂಡೆ ಎಂದು ಅರ್ಥ. ಇದನ್ನು ಅವನಿಗೆ ಮೊದಲು ಹೇಳಿಕೊಟ್ಟದ್ದು ಆ್ಯಪಲ್ಲ. ಮೊದಲು ಹೇಳಿಕೊಟ್ಟವರ ಮುಖ ಎದುರಿಗೆ ಬರುವ ಮುನ್ನವೇ ಅವನು ಮೌಸನ್ನು ಕುಟ್ಟಿ ಮುಂದಿನ ಪಾಠಕ್ಕೆ ಹೋದ.

ಪಾಠ ಹನ್ನೊಂದು. ಅದಕ್ಕೇ ಅವನು ದಿನಾ ಬಂದು ಮುಟ್ಟುವುದು. ಆ್ಯಪಿನ ಟವರಿನಲ್ಲಿ ಒಬ್ಬ ಹೆಂಗಸು ಇದ್ದಳು. ಹಲ್ಲಿನ ಪೇಸ್ಟಿನ ಜಾಹೀರಾತಿನಲ್ಲಿ ಮಾತಾಡುವಂಥ, ಯಾವತ್ತೂ ಯಾರ ಮೇಲೂ ರೇಗಿರದ ಧ್ವನಿ. "ಟ್ರ್ಯಾಕ್ಟರ್ ಟೂ, ಹೋಲ್ಡ್ ಶಾರ್ಟ್ ರನ್‌ವೇ ಟೂ ಟ್ರೀ." ಅಂದರೆ ಗೆರೆಯ ಈಚೆಗೇ ನಿಲ್ಲು, ಇಪ್ಪತ್ತಮೂರನೇ ರನ್‌ವೇಗೆ ಕಾಲಿಡಬೇಡ. ತ್ರೀಯನ್ನು ಟ್ರೀ ಎಂದೇ ಹೇಳಬೇಕು, ಆಕಾಶದಲ್ಲೆಲ್ಲ ಹಾಗೆಯೇ ಹೇಳುತ್ತಾರೆ. ಒಂಬತ್ತನೇ ಕ್ಲಾಸಿನಲ್ಲಿ ಹಾಗೆ ಹೇಳಿದ್ದಕ್ಕೆ ಇಂಗ್ಲಿಷ್ ಮೇಷ್ಟ್ರು ಅವನನ್ನು ಬೆಂಚಿನ ಮೇಲೆ ನಿಲ್ಲಿಸಿ, ಎಲ್ಲಿ, ಕಿಟಕಿಯಾಚೆ ಎಷ್ಟು ಮರ ಇದೆ ಎಣಿಸು ಎಂದಿದ್ದರು. ಕ್ಲಾಸು ಬಿದ್ದು ಬಿದ್ದು ನಕ್ಕಿತ್ತು. ಮುಂದಿನ ಸೋಮವಾರದಿಂದ ಅವನು ಶಾಲೆಯ ಕಡೆ ತಲೆ ಹಾಕಲಿಲ್ಲ. ಈಗ ಇಲ್ಲಿ ಅದೇ ಟ್ರೀಗೆ ಹಸಿರು ಅಕ್ಷರ, ಬಹಳ ಚೆನ್ನಾಗಿದೆ. ಆ ಮೇಷ್ಟ್ರನ್ನು ಎಳೆದುಕೊಂಡು ಬಂದು ಈ ಹೆಡ್‌ಫೋನು ಹಾಕಿಸಬೇಕು, ಸಿಪ್ಪೆಯೆದ್ದ ತೊಗಲು ಅವರ ಕೆನ್ನೆಗೂ ಅಂಟಲಿ. "ಹೋಲ್ಡ್ ಶಾರ್ಟ್ ರನ್‌ವೇ ಟೂ ಟ್ರೀ, ಟ್ರ್ಯಾಕ್ಟರ್ ಟೂ" ಎಂದ ಅವನು. ತೊಂಬತ್ತಾರು.

ತೊಂಬತ್ತಾರು. ನಿಲ್ಲುತ್ತೇನೆ ಎಂದು ಇಷ್ಟು ಚೆಂದವಾಗಿ ಹೇಳಬಲ್ಲವನು ಅವತ್ತು ನಿಲ್ಲಲಿಲ್ಲ. ಬಿಸಿಲು, ಹನ್ನೊಂದು ನಿಮಿಷದಿಂದ ಗೆರೆಯ ಈಚೆ ಜೀಪು, ಜೀಪಿನ ಹಿಂದೆ ಇವನು. ರಬ್ಬರಿನ ಸೀಟು ಸುಡುತ್ತಿತ್ತು. ಒಂದು ವಿಮಾನ ಇಳಿಯುತ್ತಿತ್ತು, ನೆಲ ಮುಟ್ಟಿ ಮತ್ತೆ ಏರುತ್ತಿತ್ತು, ಇನ್ನೊಂದು ಇಳಿಯುತ್ತಿತ್ತು. ದುಡ್ಡಿರುವ ಅಪ್ಪಂದಿರು ಕಳಿಸಿದ ಮಕ್ಕಳು ಆಡುವ ಲಗೋರಿ. ಇವರ ಆಟ ಮುಗಿಯುವತನಕ ನಾವು ಕರಟಬೇಕು. ಜೀಪಿನ ಕಿಟಕಿಯಿಂದ ಕೈ ಹೊರಬಂತು. ಅಂಗೈ ಹಿಂದಕ್ಕೆ, ಐದೂ ಬೆರಳು ನೆಟ್ಟಗೆ. ನಿಲ್ಲು. ಅದನ್ನು ಅವನು ನೋಡಿದ್ದ. ಬೆರಳಿನ ಉಂಗುರ ಕೂಡ ನೋಡಿದ್ದ. ನೋಡಿಯೇ, ಇವರು ಒಂದು ದಿನ ನಮಗೆ ಕಾಯಲಿ ಎಂದುಕೊಂಡು ಸ್ಟಿಯರಿಂಗ್ ತಿರುಗಿಸಿ, ಜೀಪನ್ನು ಬಳಸಿ, ಗೆರೆ ದಾಟಿಬಿಟ್ಟಿದ್ದ. ಆಮೇಲೆ ತಲೆಯ ಮೇಲೆ ಒಂದು ಕಿರಿಚಾಟ, ಎಣ್ಣೆ ಮೆತ್ತಿದ ಒಂದು ಚಕ್ರ, ಟೈರಿನ ಗೀರುಗಳು ಕಾಣುವಷ್ಟು ಹತ್ತಿರ. ಯಾರೂ ಸಾಯಲಿಲ್ಲ. ವಿಮಾನ ಹಾರಿಸಲು ಕಲಿಯುತ್ತಿದ್ದ ಹುಡುಗಿ ಇನ್ನೊಂದು ಸುತ್ತು ಹೊಡೆದು ಇಳಿದು, ವಿಮಾನದ ರೆಕ್ಕೆಯ ಕೆಳಗೆ ಕೂತು ವಾಂತಿ ಮಾಡಿದಳು. ವಿಚಾರಣೆಯಲ್ಲಿ ಸುರಕ್ಷತೆಯ ಆಫೀಸರು ಪೆನ್ನಿನ ಮುಚ್ಚಳ ತೆಗೆದು, ಯಾಕೆ ದಾಟಿದೆ ಎಂದಾಗ ಅವನ ಬಾಯಿಂದ, ಅವನು ಕರೆಯದೆಯೇ, ಅದೇ ಹಿಂಬಾಗಿಲ ಧ್ವನಿ ಬಂದಿತ್ತು. ಜೀಪಿನಣ್ಣ ಹೋಗು ಅಂತ ಕೈ ಬೀಸಿದ್ರು ಸಾರ್. ಆಫೀಸರಿಗೆ ಸಮಾಧಾನವಾಗಿತ್ತು. ಇಪ್ಪತ್ತೆರಡು ವರ್ಷ ದುಡಿದ ಗುತ್ತಿಗೆಯವರನ್ನು ತೆಗೆಯುವುದಕ್ಕೆ ಒಂದು ಸಾಲು ಸಾಕು.

ಬಾಗಿಲಿನ ಗಂಟೆ ಹೊಡೆಯಿತು. ಅಕ್ಕ ಒಳಗೆ ಒಗೆಯುತ್ತಿದ್ದಳು. ಅವನೇ ಎದ್ದು ತೆಗೆದ. ಹೊಸಿಲಾಚೆ ಜೀಪಿನಣ್ಣ ನಿಂತಿದ್ದರು.

ಕೆಲಸ ಹೋದ ಮೂರು ತಿಂಗಳಲ್ಲಿ ಅವರ ಕುತ್ತಿಗೆ ಅಂಗಿಯ ಕಾಲರಿನೊಳಗೆ ಸಣ್ಣದಾಗಿತ್ತು. ಕೆಲಸದ್ದೇ ಖಾಕಿ ಅಂಗಿ, ಎದೆಯ ಮೇಲಿದ್ದ ಕಂಪನಿಯ ಬಿಲ್ಲೆಯನ್ನು ಬ್ಲೇಡಿನಿಂದ ಬಿಡಿಸಿದ್ದರು. ಅಷ್ಟಗಲ ಬಟ್ಟೆ ಮಾತ್ರ ಬಣ್ಣ ಮಾಸದೆ ಉಳಿದಿತ್ತು. ಕೈಯಲ್ಲಿ ಪ್ಲಾಸ್ಟಿಕ್ ಚೀಲ. ಹೊಡೆಯಲು ಬಂದಿದ್ದಾರೆ ಎಂದು ಅವನಿಗೆ ಖಾತ್ರಿಯಾಯಿತು, ಹೊಡೆಯಲಿ ಎಂದು ಆಸೆಯೂ ಆಯಿತು. ಅವರು ಚಪ್ಪಲಿ ಬಿಟ್ಟು, ಜೋಡಿಯನ್ನು ಕಾಲಿನಿಂದಲೇ ಗೋಡೆಗೆ ಸರಿಸಿ, "ಬಿಡುವಾಗಿದ್ದೀಯೇನೋ?" ಎಂದರು. ಅವನು ಹೂಂ ಎಂದ.

ವಿಷಯವನ್ನು ಅವರು ನಿಂತೇ ಹೇಳಿದರು, ಯಾರದೋ ಮನೆಯ ಸುದ್ದಿಯ ಹಾಗೆ. ಆಫೀಸರು ಕರೆಸಿದ್ದರು. ನೀರಿನ ಟ್ಯಾಂಕರಿಗೆ ಜನ ಬೇಕಂತೆ. ತಪ್ಪು ನನ್ನದೇ ಅಂತ ಒಂದು ಕಾಗದ ಬರೆದುಕೊಟ್ಟು, ನಾಳೆ ಎಲ್ಲರ ಜೊತೆ ಪರೀಕ್ಷೆಗೆ ಕೂತರೆ ತಗೊಳ್ತಾರಂತೆ. ಆದರೆ ಈ ಆ್ಯಪಿನ ಹಾಳೆಯೂ ಬೇಕಂತೆ, ಇವರ ಹತ್ತಿರ ಇರುವುದು ಗುಂಡಿ ಒತ್ತುವ ಫೋನು. ನಿಮ್ಮ ಹುಡುಗನ ಮನೇಲಿ ಕಂಪ್ಯೂಟರಿನಲ್ಲೇ ಬರುತ್ತಂತಲ್ಲ ಎಂದು ಯಾರೋ ಹೇಳಿದರಂತೆ. ನಿಮ್ಮ ಹುಡುಗ. ಹಾಗೆ ಹೇಳಿದವನು ಯಾರು ಎಂದು ಅವನು ಕೇಳಲಿಲ್ಲ. ಬನ್ನಿ ಕೂತ್ಕೊಳ್ಳಿ ಅಣ್ಣ ಎಂದು ತನ್ನ ಕುಂಡೆಯ ಕಾವು ಆರದ ಕುರ್ಚಿಯನ್ನು ಅವರ ಕಡೆ ತಳ್ಳಿದ. ಅಕ್ಕನ ಅತ್ತೆ ಬಟಾಣಿಯ ಮೊರ ಬದಿಗಿಟ್ಟು, "ಇನ್ನೊಂದು ವಿಮಾನ ಬಂತಾ? ಸರಿಹೋಯ್ತು, ನಮ್ಮ ಹಜಾರ ಇನ್ಮೇಲೆ ನಿಲ್ದಾಣವೇ" ಎಂದರು. ಜೀಪಿನಣ್ಣ ನಕ್ಕರು. ನಗು ಹಾಗೇ ಇತ್ತು, ಒಂದು ಹಲ್ಲು ಹೋಗಿತ್ತು.

ಅವರ ಹೆಸರು ಹಾಕಿ ಹೊಸ ಪಾಠ ತೆರೆದುಕೊಟ್ಟ. ಹೆಡ್‌ಫೋನನ್ನು ಕೊಡುವಾಗ ಒರೆಸಬೇಕೆನ್ನಿಸಿತು, ಒರೆಸಿದರೆ ತಾನು ಅವರಿಗೆ ಕೊಡುವ ಮರ್ಯಾದೆ ಕಾಣುತ್ತದಲ್ಲ ಎಂದು ನಾಚಿಕೆಯಾಗಿ ಹಾಗೇ ಕೊಟ್ಟ. ಅವರು ಮೂಸಲೂ ಇಲ್ಲ, ಟೋಪಿಯ ಹಾಗೆ ಏರಿಸಿಕೊಂಡರು. ಒಂದು ಸಲ ಕುಟ್ಟಿ ಮಾತಾಡಿ, ಇನ್ನೊಂದು ಸಲ ಕುಟ್ಟಿ ನಿಲ್ಲಿಸಬೇಕು ಎಂದು ಅವನು ಹೇಳಿಕೊಟ್ಟಾಗ ತಲೆಯಾಡಿಸಿದರು. ಆದರೆ ಇಪ್ಪತ್ತೆರಡು ವರ್ಷದ ಹೆಬ್ಬೆರಳು ಎಲ್ಲಿ ಕೇಳುತ್ತದೆ. ಒತ್ತಿ, ಹಿಡಿದು, ಹೇಳಿ, ಬಿಟ್ಟಿತು. ಕೆಂಪು ಚುಕ್ಕೆ ಉರಿಯುತ್ತಲೇ ಇತ್ತು. ಅವನೇ ಬಾಗಿ ಕುಟ್ಟಿ ನಿಲ್ಲಿಸಿದ. ಅವರು ಹೇಳಿದ ರೀತಿಯನ್ನು ಅವನು ಮೈದಾನದಲ್ಲಿ ಸಾವಿರ ಸಲ ಕೇಳಿದ್ದ: ಅವಸರವಿಲ್ಲದ, ಸ್ವಲ್ಪ ಮೂಗಿನಿಂದ ಬರುವ, ಬಾವಿಗೆ ಕೊಡ ಇಳಿಸಿದಂಥ ಧ್ವನಿ. ಮಂಜಿನಲ್ಲಿ, ಗುಡುಗಿನಲ್ಲಿ, ಟವರಿನ ಯಾವ ಹೊಸಬನೂ ಯಾವತ್ತೂ ಮತ್ತೊಮ್ಮೆ ಹೇಳಿ ಎಂದಿರಲಿಲ್ಲ ಆ ಧ್ವನಿಗೆ. ಪರದೆಯ ಮೇಲೆ ಮೂವತ್ತೆಂಟು ಎಂದು ಮೂಡಿತು. ಕೆಂಪು. ಅರ್ಥವಾಗಲಿಲ್ಲ, ಮತ್ತೊಮ್ಮೆ ಹೇಳಿ.

ಅವರು ಕನ್ನಡಕ ಸರಿಮಾಡಿಕೊಂಡು ಅದನ್ನು ಎರಡು ಸಲ ಓದಿದರು. ಮತ್ತೊಮ್ಮೆ ಹೇಳಿದರು. ನಲವತ್ತೊಂದು. ಮೂರನೆಯದು ಮೂವತ್ತೈದು. ಹಲ್ಲಿನ ಪೇಸ್ಟಿನ ಹೆಂಗಸು ಬೇಸರವೇ ಇಲ್ಲದೆ, ಚಿಂತಿಸಬೇಡಿ, ಅಭ್ಯಾಸದಿಂದ ಎಲ್ಲವೂ ಸಾಧ್ಯ ಎಂದಳು. ಅವನಿಗೆ ಆ ಪರದೆಯ ಮುಖಕ್ಕೆ ಉಗಿಯಬೇಕೆನ್ನಿಸಿತು. ಉಗಿಯಬೇಕಾದ ಮುಖ ಪರದೆಯ ಗಾಜಿನಲ್ಲಿಯೇ, ಜೀಪಿನಣ್ಣನ ಭುಜದ ಮೇಲೆ, ಮಸುಕಾಗಿ ಕಾಣುತ್ತಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನಾದರೂ ವಾಸಿ, ಅವನಿಗೆ ಹೆಗಲು ಎಲ್ಲಿದೆ ಎಂದಾದರೂ ಗೊತ್ತು.

"ನನ್ನ ಮೇಲೆ ಬೇಜಾರಿಲ್ವಾ ಅಣ್ಣ?" ಎಂದ. ಕೇಳಿದ್ದೇ ತಪ್ಪಾಯಿತು. ಧ್ವನಿಯಲ್ಲಿ ಮತ್ತೆ ಅದೇ ದಯವಿಟ್ಟು.

ಅವರು ಹೆಡ್‌ಫೋನಿನ ಒಂದು ಕಿವಿ ಸರಿಸಿದರು. "ನಿನ್ನ ಮೇಲೆ ಯಾಕೋ? ಕಂಡಿದ್ದು ಹೇಳಿದೆ ನೀನು. ನಾನೂ ಮೊದಮೊದಲು ಇಲ್ಲ ಇಲ್ಲ, ನಿಲ್ಲು ಅಂತಲೇ ಎತ್ತಿದ್ದು ಅಂತಿದ್ದೆ. ಈಗ ದಿನಾ ಕೂತು ಅದನ್ನೇ ಯೋಚನೆ ಮಾಡಿ ಮಾಡಿ..." ಅವರು ಬಲಗೈಯನ್ನು ಮಡಿಲಿನಿಂದ ಅರ್ಧ ಎತ್ತಿ, ಅದು ಬೇರೆ ಯಾರದೋ ಎಂಬಂತೆ ನೋಡಿದರು. "ಕೈ ಹೊರಗೆ ಹಾಕಿದ್ದು ನೆನಪಿದೆ. ಆಮೇಲೆ ಬೀಸಿದ್ನೋ ಏನೋ. ವಯಸ್ಸಾಯ್ತಲ್ಲ. ಮನೇಲೂ ಅದನ್ನೇ ಹೇಳ್ತಾರೆ, ಆ ಹುಡುಗ ಸುಳ್ಳು ಯಾಕೆ ಹೇಳ್ತಾನೆ ಅಂತ."

ಅಲ್ಲಿ ನಿಲ್ಲಲಾಗಲಿಲ್ಲ ಅವನಿಗೆ. ಪ್ರಿಂಟಿಗೆ ಹಾಳೆ ತರ್ತೀನಿ, ನೀವು ಇನ್ನೊಂದು ಸಲ ಹೇಳ್ತಿರಿ ಎಂದು ಒಳಗೆ ಹೋದ. ಬಚ್ಚಲಲ್ಲಿ ಅಕ್ಕ ಭಾವನ ಅಂಗಿಯ ಕಾಲರನ್ನು ಬ್ರಷ್ಷಿನಿಂದ ತಿಕ್ಕುತ್ತಿದ್ದಳು, ನೊರೆ ಬೂದು ಬಣ್ಣಕ್ಕೆ ತಿರುಗಿತ್ತು. ಯಾರು ಬಂದಿದ್ದು ಎಂದಳು. ಕೆಲಸದವರು ಎಂದ. ನೀರಿನ ತೊಟ್ಟಿಯ ಮೇಲೆ ಬಾಗಿ ಮುಖ ತೊಳೆದ. ಸೋಪಿನ ಕಸ ತೇಲುತ್ತಿದ್ದ ನೀರು ಬಾಯಿಗೆ ಹೋಯಿತು, ಉಗುಳಲಿಲ್ಲ, ನುಂಗಿದ. ಒಬ್ಬ ಮನುಷ್ಯನ ಕೆಲಸ ಕಿತ್ತುಕೊಳ್ಳುವುದು ಒಂದು. ಅವನ ತಲೆಯೊಳಗೆ ಕೈ ಹಾಕಿ ಅವನ ಕಣ್ಣೆದುರಿನ ದಿನವನ್ನೇ ತಿರುಚಿಡುವುದು? ಅದಕ್ಕೆ ಯಾವ ಗುಂಪಿಗೆ ಹಾಕುತ್ತಾರೆ, ಯಾವ ಕಕ್ಕಸು ತೊಳೆಸುತ್ತಾರೆ? ಅಕ್ಕ, "ಹಾಳೆ ಕಪಾಟಿನಲ್ಲಿದೆ, ಎರಡೇ ತಗೋ, ನಿಮ್ಮ ಭಾವ ಎಣಿಸಿಡ್ತಾರೆ" ಎಂದಳು.

ವಾಪಸು ಬಂದಾಗ ಜೀಪಿನಣ್ಣ ಹೆಡ್‌ಫೋನು ತೆಗೆದು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಕೆಂಪು ಚುಕ್ಕೆ ಉರಿಯುತ್ತಿತ್ತು, ಅವನು ಅದನ್ನು ಕುಟ್ಟಿ ಆರಿಸಿದ. ಇದು ನನ್ನ ಕೈಲಿ ಆಗಲ್ಲ ಬಿಡೋ ಎಂದರು ಅವರು. ಅವನು ಮಾತಾಡದೆ ಹೆಡ್‌ಫೋನು ತೆಗೆದುಕೊಂಡು, ಅವರ ಹೆಸರಿನಡಿಯಲ್ಲೇ, ಅವರ ಜೀಪಿನ ಹೆಸರಿನಲ್ಲೇ, ಹನ್ನೊಂದೂ ಪಾಠಗಳ ಕರೆಗಳನ್ನು ಒಂದರ ಹಿಂದೊಂದು ಹೇಳಿಬಿಟ್ಟ. ಜೀಪ್ ಒನ್. ಜೀಪ್ ಒನ್. ನಾಲಿಗೆ ತಡವರಿಸಲಿಲ್ಲ. ಹನ್ನೊಂದನೆಯದರಲ್ಲಿ, "ಹೋಲ್ಡ್ ಶಾರ್ಟ್ ರನ್‌ವೇ ಟೂ ಟ್ರೀ, ಜೀಪ್ ಒನ್." ನಿಲ್ಲುತ್ತೇನೆ ಎಂದು ಅವರ ಪರವಾಗಿ ಅವನು ಹೇಳಿದ. ಅವತ್ತು ಹೋಗು ಎಂದು ಅವರ ಪರವಾಗಿ ಹೇಳಿದ ಅದೇ ಬಾಯಿ. ತೊಂಬತ್ತೈದು, ಬಹಳ ಚೆನ್ನಾಗಿದೆ. ಪ್ರಿಂಟರ್ ನರಳುತ್ತಾ ಹಾಳೆ ಕಕ್ಕಿತು. ಉಪಕಾರ ಮಾಡಿದೆ ಎಂಬ ಒಂದು ಬೆಚ್ಚನೆಯ ಹುಳು ಎದೆಯಲ್ಲಿ ಮಿಸುಕಿತು, ಅದನ್ನು ಹೊಸಕಿಹಾಕುವಷ್ಟರಲ್ಲಿ ಅದು ಎರಡು ಸಲ ಮಿಸುಕಿಯೇಬಿಟ್ಟಿತ್ತು.

ಜೀಪಿನಣ್ಣ ಹಾಳೆಯನ್ನು ತೋಳಿನಳತೆ ದೂರ ಹಿಡಿದು ನೋಡಿದರು. ಎದ್ದು, ಅಕ್ಕನ ಅತ್ತೆಗೆ ಬರ್ತೀನಮ್ಮಾ ಎಂದು, ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಚೀಲದಲ್ಲಿಟ್ಟುಕೊಂಡು, "ದೊಡ್ಡ ಸಹಾಯ ಆಯ್ತು ಕಣೋ" ಎಂದರು. ಅವನು ಹೂಂ ಎಂದ. ಅವರ ಚಪ್ಪಲಿಯ ಸದ್ದು ಮೆಟ್ಟಿಲಿಳಿಯಿತು. ಒಂದು ಕಾಲಿಗೆ ಸ್ವಲ್ಪ ಹೆಚ್ಚು ತೂಕ.

ಭಾವ ಬರುವುದರೊಳಗೆ ಅವರ ಹೆಸರನ್ನು ಅಳಿಸಬೇಕು. ಯಾರಿಗೆ ನನ್ನ ಯಂತ್ರ ಕೊಟ್ಟೆ ಎಂದು ಭಾವ ಮೂರು ದಿನ ಕೊರೆಯುತ್ತಾನೆ. ಆ್ಯಪು ಪ್ರತಿ ಕರೆಯನ್ನೂ ಉಳಿಸಿಟ್ಟುಕೊಳ್ಳುತ್ತಿತ್ತು, ಒಂದೊಂದರ ಪಕ್ಕ ಎಷ್ಟು ಹೊತ್ತು ಎಂಬ ಲೆಕ್ಕ. ಆರು ಸೆಕೆಂಡು, ಏಳು ಸೆಕೆಂಡು, ಆರು. ನಾಲ್ಕನೆಯದು ಮೂರು ನಿಮಿಷ. ಅವನು ಒಳಗೆ ಹೋಗಿದ್ದಾಗಿನದು. ಅವರ ಹೆಬ್ಬೆರಳು ಬಿಟ್ಟಿತ್ತು, ಸುಳ್ಳು ಫೋನು ಬಿಟ್ಟಿರಲಿಲ್ಲ. ಅಳಿಸುವ ಬದಲು ಅವನು ಅದನ್ನು ಕುಟ್ಟಿದ.

ಮೊದಲು ರೇಡಿಯೋ ಕರೆ, ಅದೇ ಬಾವಿಯ ಧ್ವನಿ. ಆಮೇಲೆ ಫ್ಯಾನಿನ ಸದ್ದು. ಅಕ್ಕನ ಅತ್ತೆ ಚಹಾ ಕುಡಿತೀರೇನ್ರೀ ಎಂದದ್ದು, ಅವರು ಬೇಡಮ್ಮ ಎಂದದ್ದು. ಆಮೇಲೆ ಮೈಕಿನ ತೀರ ಹತ್ತಿರ, ಮಡಿಲಿನಿಂದ ಮೇಲಕ್ಕೆ ಬರುವ ಉಸಿರಿನಲ್ಲಿ, ಬೇರೆಯೇ ಒಂದು ಧ್ವನಿ. "ತಪ್ಪಾಯ್ತು ಸಾರ್. ಕೈ ಬೀಸಿದ್ದು ನಾನೇ ಸಾರ್." ನಿಂತಿತು. "ಕೈ ಎತ್ತಿದ್ದು ಅವನಿಗೆ ಬೀಸಿದ ಹಾಗೆ ಕಂಡಿರ್ಬೇಕು ಸಾರ್... ಇಲ್ಲ, ಹಾಗೆ ಬೇಡ." ಗಂಟಲು ಸರಿಮಾಡಿಕೊಂಡದ್ದು. "ಕೈ ಬೀಸಿದ್ದು ನಾನೇ ಸಾರ್. ನಾನೇ ಸಾರ್ ಬೀಸಿದ್ದು." ಮೂರು ನಿಮಿಷ ಅದೇ. ನಾಳೆಗೆ ಅಭ್ಯಾಸ. ಒಂದೊಂದು ಸಲಕ್ಕೂ ಧ್ವನಿ ಒಂದೊಂದು ಮೆಟ್ಟಿಲು ಇಳಿಯುತ್ತಾ ಕೊನೆಗೆ ಹಿಂಬಾಗಿಲಿಗೆ ಬಂದು ಚಪ್ಪಲಿ ಬಿಟ್ಟು ನಿಂತಿತು. ಅದು ಅವನಿಗೆ ಚೆನ್ನಾಗಿ ಗೊತ್ತಿದ್ದ ಧ್ವನಿ. ಅದು ಅವನದೇ. ತನ್ನ ಗಂಟಲಿನ ಕೊಳೆಯನ್ನು ಅವನು ಆ ಗಂಟಲಿಗೆ ಹಚ್ಚಿಬಂದಿದ್ದ. ಅದರ ಪಕ್ಕ ಆ್ಯಪು ಇದಕ್ಕೂ ಬರೆದಿತ್ತು: ಅರ್ಥವಾಗಲಿಲ್ಲ, ಮತ್ತೊಮ್ಮೆ ಹೇಳಿ.

ಅವನು ಹೆಡ್‌ಫೋನು ಕಿತ್ತು ಮೇಜಿನ ಮೇಲೆ ಎಸೆದ. ಚಪ್ಪಲಿಯಿಲ್ಲದೆ ಮೆಟ್ಟಿಲಿಳಿದ. ಬೀದಿಯಲ್ಲಿ ಬೇಸರದ ಬಿಳಿ ಬಿಸಿಲು, ಕಸದ ಡಬ್ಬಿಯ ಹುಳಿ ನಾತ. ಜೀಪಿನಣ್ಣ ದೊಡ್ಡ ರಸ್ತೆಯ ಆ ಬದಿಯ ಬಸ್ ಸ್ಟಾಪಿಗೆ ಹೋಗಲು ಫುಟ್‌ಪಾತಿನ ಅಂಚಿಗೆ ಬಂದಿದ್ದರು. ಎಡಕ್ಕೆ ನೋಡಿದರು, ಬಲಕ್ಕೆ ನೋಡಲಿಲ್ಲ, ಕಾಲು ಇಳಿಸಿದರು. ಬಲದಿಂದ ಮರಳಿನ ಲಾರಿ. "ಅಣ್ಣಾ" ಎಂದ ಅವನು. ಅವರು ತಿರುಗಿದರು. ಅವನ ಕೈ ಮೇಲೆ ಹೋಗಿತ್ತು. ಅಂಗೈ ಅವರ ಕಡೆಗೆ, ಐದೂ ಬೆರಳು ನೆಟ್ಟಗೆ.

ಅವರು ನಿಂತರು. ಲಾರಿ ಅವರ ಬೆನ್ನ ಹಿಂದೆ ಧೂಳೆಬ್ಬಿಸಿ ಹೋಯಿತು. ಅವರು ಲಾರಿಯನ್ನು ನೋಡಲಿಲ್ಲ, ಅವನ ಮುಖವನ್ನೂ ನೋಡಲಿಲ್ಲ. ಕೈಯನ್ನೇ ನೋಡುತ್ತಿದ್ದರು. ಅವನಿಗೆ ಅದನ್ನು ಇಳಿಸಲಾಗಲಿಲ್ಲ. ಆಮೇಲೆ ಅವರ ಬಲಗೈ ತಾನಾಗಿಯೇ ಮೇಲೆ ಬಂತು, ಹಾಗೆಯೇ ಅಂಗೈ, ಹಾಗೆಯೇ ಬೆರಳು, ಉಂಗುರ. ಕೈ ತನ್ನನ್ನು ತಾನು ನೆನೆಸಿಕೊಂಡಿತ್ತು.

"ಹಿಂಗೇ ಅಲ್ವೇನೋ ನಾನು ಎತ್ತಿದ್ದು?" ಎಂದರು.

ಹೂಂ ಎಂದು ಬಾಯಿಗೆ ಬಂತು. ಅದನ್ನು ನುಂಗಿ, "ಹಿಂಗೇ ಎತ್ತಿದ್ರಿ" ಎಂದ. "ನಿಲ್ಲು ಅಂದ್ರಿ. ನಾನು ನೋಡಿದ್ದೆ. ನಿಲ್ಲಲಿಲ್ಲ."

ಅವರು ಕೈ ಇಳಿಸಿದರು. ಬಾಯಲ್ಲಿ ಏನೋ ಕಹಿ ಸಿಕ್ಕವರ ಹಾಗೆ ತುಟಿ ತಿರುಚಿಕೊಂಡರು, ಉಗಿಯುತ್ತಾರೆ ಎಂದುಕೊಂಡ, ಉಗಿಯಲಿಲ್ಲ. ಅವರ ಕಣ್ಣಲ್ಲಿ ಅವನು ಕಂಡದ್ದು ಸಿಟ್ಟಲ್ಲ. ಸಂಜೆ ಯಂತ್ರದ ತಟ್ಟೆ ಎತ್ತಿ ಅಲಗಿಗೆ ಮೆತ್ತಿದ್ದನ್ನು ನೋಡುವಾಗ ತನ್ನ ಮುಖದಲ್ಲಿ ಏನಿರುತ್ತದೋ ಅದು. ಮೂರು ತಿಂಗಳು ಅವರು ತಮ್ಮ ಕೈಯನ್ನೇ ನಂಬದೆ ಕಳೆದಿದ್ದರು. ಆ ಮೂರು ತಿಂಗಳು ಈಗ ಅವರ ಮುಖದ ಮೇಲೆ ಒಂದೊಂದೇ ದಿನವಾಗಿ ಬಂದು ಕೂತಂತಿತ್ತು. ಅವರು ಚೀಲ ತೆರೆದು, ನಾಲ್ಕು ಮಡಿಕೆಯ ಹಾಳೆ ತೆಗೆದು, ಅವನ ಕೈಗೆ ತುರುಕಿದರು. "ಇದು ನಿನ್ನ ಧ್ವನಿ. ನೀನೇ ಇಟ್ಕೋ." ಆಚೆ ಬದಿಯಲ್ಲಿ ಬಸ್ಸು ಬಂದು ನಿಂತಿತ್ತು, ಅವರು ಅದನ್ನು ನೋಡಿದರು, ಮತ್ತೆ ಅವನನ್ನು ನೋಡಿದರು.

"ನಾಳೆ ಹತ್ತು ಗಂಟೆಗೆ, ಎಲ್ಲರ ಮುಂದೆ, ಆಫೀಸರಿಗೆ ಇದನ್ನೇ ಹೇಳ್ಬೇಕು ನೀನು."

"ಹೂಂ" ಎಂದ.

ಅವರು ಕದಲಲಿಲ್ಲ. ಬಸ್ಸಿನವನು ಹಾರ್ನ್ ಹೊಡೆದ. ಗೆರೆಯ ಈಚೆ ಕಾಯುವ ಅಭ್ಯಾಸ ಅವರಿಗೆ ಇಪ್ಪತ್ತೆರಡು ವರ್ಷದ್ದು. ಹನ್ನೊಂದು ನಿಮಿಷವಲ್ಲ, ಇಡೀ ಮಧ್ಯಾಹ್ನ ಹಾಗೆ ನಿಂತಾರು. ಏನು ಕೇಳುತ್ತಿದ್ದಾರೆ ಎಂದು ಅವನಿಗೆ ಗೊತ್ತಿತ್ತು. ಮರಳಿ ಹೇಳುವುದನ್ನು ಕಲಿಸಿಕೊಟ್ಟವರು ಅವರೇ.

"ನಾಳೆ..." ಎಂದ. ಕೆಮ್ಮಿದ, ಎಂಜಲು ಗಲ್ಲದ ಮೇಲೆ ಬಿತ್ತು, ಪಕ್ಕದಲ್ಲಿ ಹೋಗುತ್ತಿದ್ದ ಇಬ್ಬರು ತಿರುಗಿ ನೋಡಿದರು. "ನಾಳೆ ಹತ್ತು ಗಂಟೆಗೆ. ಎಲ್ಲರ ಮುಂದೆ. ಆಫೀಸರಿಗೆ... ಇದನ್ನೇ ಹೇಳ್ಬೇಕು. ನಾನು." ಅರ್ಧ ಪದಗಳು ನುಂಗಿಹೋಗಿದ್ದವು, ಉಳಿದರ್ಧ ಒಡೆದಿದ್ದವು. ಆ ಪರದೆ ಇದಕ್ಕೆ ಇಪ್ಪತ್ತೂ ಕೊಡುತ್ತಿರಲಿಲ್ಲ.

ಜೀಪಿನಣ್ಣ ಎಡಕ್ಕೆ ನೋಡಿ, ಬಲಕ್ಕೆ ನೋಡಿ, ರಸ್ತೆ ದಾಟಿದರು.